ಸುರವರಂ ಅವರಿಗೆ ಕನ್ನಡ ಶಾಲೆ ಸಲ್ಲಿಸಬೇಕಾದ ಗೌರವ

ಸುರವರಂ ಪ್ರತಾಪರೆಡ್ಡಿಯವರ ಹೆಸರು ಈಗ ತೆಲಂಗಾಣದ ಒಂದು ವಿಶ್ವವಿದ್ಯಾಲಯದ ಹೆಸರಾಗಿದೆ. ಹೈದರಾಬಾದಿನ ತೆಲುಗು ವಿಶ್ವವಿದ್ಯಾಲಯಕ್ಕೆ ಅವರ ಹೆಸರಿಡುವ ಮಸೂದೆಗೆ 2025ರಲ್ಲಿ ರಾಜ್ಯದ ವಿಧಾನಸಭೆ ಒಪ್ಪಿಗೆ ಕೊಟ್ಟಿತು. ಪ್ರತಿ ವರ್ಷ ಮೇ 28ರಂದು ಅವರ ಜಯಂತಿ ನಡೆಯುತ್ತದೆ. ಗದ್ವಾಲದಿಂದ ಹೈದರಾಬಾದಿನವರೆಗೆ ಹಾರ, ಭಾಷಣ, ಚಿತ್ರಪಟಕ್ಕೆ ಪೂಜೆ ಎಲ್ಲವೂ ಆಗುತ್ತವೆ. ಆದರೆ ಅದು ಬೇಸಿಗೆ ರಜೆಯ ದಿನ. ಶಾಲೆಗಳಿಗೆ ಬೀಗ ಇರುತ್ತದೆ. ಮಕ್ಕಳು ಅಜ್ಜಿಯ ಊರಿನಲ್ಲೋ ಹೊಲದಲ್ಲೋ ಇರುತ್ತಾರೆ. ಕನ್ನಡ ಮಾಧ್ಯಮದ ಮಕ್ಕಳಿಗಂತೂ ಆ ಹಾರದ ಹಿಂದಿನ ಮನುಷ್ಯ ಯಾರೆಂದು ತಿಳಿಯುವ ಸಂದರ್ಭವೇ ಒದಗುವುದಿಲ್ಲ.

ಕನ್ನಡ ಶಾಲೆಯ ಪುಟದಲ್ಲಿ ತೆಲುಗಿನ ಒಬ್ಬ ಇತಿಹಾಸಕಾರ, ಪತ್ರಿಕೆ ನಡೆಸಿದವರ ಮಾತೇಕೆ ಎಂದು ಕೆಲವರು ಕೇಳಬಹುದು. ಆ ಪ್ರಶ್ನೆಗೆ ಮೊದಲ ಉತ್ತರ ಭೂಪಟದಲ್ಲಿದೆ. ಪ್ರತಾಪರೆಡ್ಡಿಯವರು ಹುಟ್ಟಿದ್ದು 1896ರಲ್ಲಿ, ಬೋರವೆಲ್ಲಿ ಎಂಬ ಊರಿನಲ್ಲಿ. ಅವರ ಮನೆತನದ ಊರು ಇಟಿಕ್ಯಾಲಪಾಡು. ಎರಡೂ ಇಂದಿನ ಜೋಗುಳಾಂಬ ಗದ್ವಾಲ ಜಿಲ್ಲೆಯ ಸೀಮೆ, ಕೃಷ್ಣೆ ತುಂಗಭದ್ರೆಯರ ನಡುವಿನ ನೆಲ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ಗದ್ವಾಲ ಮತ್ತು ಆಲಂಪುರ ಎರಡೂ ರಾಯಚೂರು ಜಿಲ್ಲೆಯ ತಾಲ್ಲೂಕುಗಳು. ಆ ವರ್ಷ ಅವನ್ನು ಮಹಬೂಬನಗರ ಜಿಲ್ಲೆಗೆ ಸೇರಿಸಿದರು. ಗುಲಬರ್ಗಾ ಜಿಲ್ಲೆಯ ಕೊಡಂಗಲ್ಲೂ ಹಾಗೆಯೇ ಹೋಯಿತು. ಪ್ರತಾಪರೆಡ್ಡಿಯವರು ತೀರಿಕೊಂಡದ್ದು 1953ರ ಆಗಸ್ಟ್ 25ರಂದು. ಅವರು ಕಣ್ಣು ಮುಚ್ಚಿದಾಗ ಅವರ ಹುಟ್ಟೂರು ಇನ್ನೂ ರಾಯಚೂರು ಜಿಲ್ಲೆಯಲ್ಲೇ ಇತ್ತು.

ಹಾಗೆಂದು ಅವರನ್ನು ಕನ್ನಡಿಗರೆಂದು ಎಳೆದುಕೊಳ್ಳುವ ಹವಣಿಕೆ ನನ್ನದಲ್ಲ. ಅವರು ತೆಲುಗಿನವರು, ತೆಲುಗಿಗಾಗಿಯೇ ಬಾಳಿದವರು. ಒಂದು ಜಿಲ್ಲೆಯೊಳಗೆ ಎರಡು ಭಾಷೆಗಳು ಅಕ್ಕಪಕ್ಕದ ಮನೆಗಳಂತೆ ಬದುಕಿದ್ದ ಕಾಲದ ಒಬ್ಬ ಹಿರಿಯರು ಅವರು ಎಂಬುದಷ್ಟೇ ನನ್ನ ಮಾತು. ನೆರೆಮನೆಯ ಹಿರಿಯರಿಂದ ನಮ್ಮ ಮನೆಗೂ ಒಂದು ಪಾಠ ಇದೆ. ಗಡಿಯ ಕನ್ನಡ ಶಾಲೆಗಳಿಗೆ ಆ ಪಾಠ ಇಂದು ತುರ್ತಾಗಿ ಬೇಕಾಗಿದೆ.

ಕೂಗಾಟದಿಂದ ಹುಟ್ಟಿದ ಕೆಲಸ

ನಿಜಾಮರ ರಾಜ್ಯದಲ್ಲಿ ತೆಲುಗು, ಮರಾಠಿ, ಕನ್ನಡ ಮೂರೂ ಜನರ ಭಾಷೆಗಳು. ಕಚೇರಿಯ ಭಾಷೆ ಉರ್ದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲೇ. ಖಾಸಗಿಯಾಗಿ ಶಾಲೆ ತೆರೆಯಲು ಸರ್ಕಾರದ ಅಪ್ಪಣೆ, ಸಭೆ ಕೂಡಿಸಲು ಅಪ್ಪಣೆ. 1921ರ ನವೆಂಬರಿನಲ್ಲಿ ಹೈದರಾಬಾದಿನ ವಿವೇಕವರ್ಧಿನಿಯಲ್ಲಿ ಒಂದು ಸಮಾಜ ಸುಧಾರಣಾ ಸಮ್ಮೇಳನ ನಡೆಯಿತು. ಅಧ್ಯಕ್ಷರು ಮಹರ್ಷಿ ಕರ್ವೆಯವರು. ಅಲ್ಲಿ ಆಲಂಪಲ್ಲಿ ವೆಂಕಟರಾಮರಾಯರು ತೆಲುಗಿನಲ್ಲಿ ಮಾತಾಡಲು ಎದ್ದಾಗ ಸಭೆಯಲ್ಲಿ ಗದ್ದಲ ಎದ್ದಿತು, ಮಾತು ಮುಂದುವರಿಸಲು ಬಿಡಲಿಲ್ಲ. ರಾಜ್ಯದಲ್ಲಿ ಅತಿ ಹೆಚ್ಚು ಜನ ಆಡುವ ಭಾಷೆಗೆ ಆ ರಾಜ್ಯದ ರಾಜಧಾನಿಯಲ್ಲೇ ಆದ ಅವಮಾನ ಅದು. ಆ ನೋವಿನಿಂದಲೇ ತೆಲುಗರ ಸಂಘ ಹುಟ್ಟಿತು, ಅದು ಮುಂದೆ ಆಂಧ್ರ ಮಹಾಸಭೆಯಾಯಿತು. 1930ರಲ್ಲಿ ಜೋಗಿಪೇಟೆಯಲ್ಲಿ ನಡೆದ ಅದರ ಮೊದಲ ಸಮ್ಮೇಳನಕ್ಕೆ ಅಧ್ಯಕ್ಷರು ಸುರವರಂ ಪ್ರತಾಪರೆಡ್ಡಿ.

ಅವರು ವೃತ್ತಿಯಿಂದ ಶಾಲಾ ಮಾಸ್ತರರಲ್ಲ. ಮದ್ರಾಸಿನಲ್ಲಿ ಬಿ.ಎ., ಬಿ.ಎಲ್. ಓದಿದ ವಕೀಲರು. ಆದರೆ ಹೈದರಾಬಾದಿನ ರೆಡ್ಡಿ ಹಾಸ್ಟೆಲಿನ ಹೊಣೆ ಹೊತ್ತು ಹಲವು ವರ್ಷ ಹಳ್ಳಿಗಳಿಂದ ಬಂದ ಹುಡುಗರ ನಡುವೆ ಕಳೆದರು. ಅಲ್ಲಿನ ಗ್ರಂಥಾಲಯವನ್ನು ಬೆಳೆಸಿದರು, ಹುಡುಗರ ಕೈಗೆ ಪುಸ್ತಕ ಕೊಟ್ಟರು, ಬರೆಯಲು ಹಚ್ಚಿದರು. ಪಾಠದ ಕೋಣೆಯ ಹೊರಗೆ ನಡೆಯುವ ಮಾಸ್ತರಿಕೆ ಅದು. ನಮ್ಮ ಕಡೆಯಲ್ಲಿ ಹಾಸ್ಟೆಲಿನಲ್ಲಿದ್ದು ಓದಿದವರಿಗೆಲ್ಲ ಅಂಥ ಒಬ್ಬರಾದರೂ ನೆನಪಿರುತ್ತಾರೆ.

1926ರ ಮೇ ತಿಂಗಳಲ್ಲಿ ಅವರು ಗೋಲಕೊಂಡ ಪತ್ರಿಕೆ ಶುರು ಮಾಡಿದರು. ವಾರಕ್ಕೆ ಎರಡು ಸಲ ಬರುತ್ತಿದ್ದ ಆ ಪತ್ರಿಕೆ ನಿಜಾಮ್ ರಾಜ್ಯದ ತೆಲುಗರಿಗೆ ಶಾಲೆಯೂ ಆಯಿತು, ಕಟ್ಟೆಯೂ ಆಯಿತು. ಬರೆಯುವವರು ಸಿಗದಾಗ ತಾವೇ ಬೇರೆ ಬೇರೆ ಹೆಸರುಗಳಲ್ಲಿ ಬರೆದು ಪುಟ ತುಂಬಿಸಿದರು. ಕಥೆ, ವಿಮರ್ಶೆ, ಶಾಸನ, ಗ್ರಂಥಾಲಯ, ರೈತರ ಕಷ್ಟ ಯಾವುದನ್ನೂ ಬಿಡಲಿಲ್ಲ.

ಆಮೇಲೆ ಬಂದದ್ದು ಬಹಳ ಜನ ಬಲ್ಲ ಸಂಗತಿ. ತೆಲಂಗಾಣದಲ್ಲಿ ತೆಲುಗು ಕವಿಗಳೇ ಇಲ್ಲ ಎಂಬರ್ಥದ ಮಾತನ್ನು ಒಬ್ಬ ಪಂಡಿತರು ಬರೆದರು. ಇಂಥ ಮಾತಿಗೆ ನಾವಾಗಿದ್ದರೆ ಏನು ಮಾಡುತ್ತಿದ್ದೆವು? ಒಂದು ಖಂಡನಾ ಸಭೆ ಮಾಡುತ್ತಿದ್ದೆವು, ತಹಶೀಲ್ದಾರರಿಗೆ ಮನವಿ ಕೊಡುತ್ತಿದ್ದೆವು, ಫೋಟೊ ತೆಗೆಸಿಕೊಂಡು ಮನೆಗೆ ಹೋಗುತ್ತಿದ್ದೆವು. ಪ್ರತಾಪರೆಡ್ಡಿಯವರು ಊರೂರಿಗೆ ಬರೆದು ಕವಿಗಳ ವಿವರ, ಪದ್ಯ ತರಿಸಿದರು. 1934ರಲ್ಲಿ ಗೋಲಕೊಂಡ ಕವುಲ ಸಂಚಿಕ ಹೊರಬಂತು. ಅದರಲ್ಲಿ 354 ಕವಿಗಳಿದ್ದರು. ಬೈದವರಿಗೆ ಪ್ರತಿಯಾಗಿ ಬೈಯುವ ಬದಲು ಒಂದು ಪಟ್ಟಿಯನ್ನು ಮುಂದಿಟ್ಟರು. ಆ ಪಟ್ಟಿಯ ಎದುರು ಮತ್ತೆ ಯಾರೂ ಬಾಯಿ ತೆರೆಯುವಂತಿರಲಿಲ್ಲ.

ಅದೇ 1934ರಲ್ಲಿ ರಾಯಚೂರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಅಧ್ಯಕ್ಷರು ಪಂಜೆ ಮಂಗೇಶರಾಯರು. ಮಕ್ಕಳಿಗಾಗಿ ಬರೆದವರು, ಶಾಲಾ ಇನ್ಸ್‌ಪೆಕ್ಟರರಾಗಿ ಹಳ್ಳಿ ಶಾಲೆಗಳನ್ನು ಸುತ್ತಿದವರು. ಒಂದೇ ಜಿಲ್ಲೆಯ ಎರಡು ಭಾಷೆಗಳೂ ಒಂದೇ ವರ್ಷ ತಮ್ಮ ಇರವನ್ನು ಹೀಗೆ ಸಾರಿದ್ದು ಆಕಸ್ಮಿಕವೇ ಇರಬಹುದು. ಆದರೆ ಕಾರಣ ಎರಡಕ್ಕೂ ಒಂದೇ: ಮಾತೃಭಾಷೆಗೆ ಶಾಲೆಯಲ್ಲಿ, ಕಚೇರಿಯಲ್ಲಿ ಎಡೆಯಿಲ್ಲದ ಸಂಕಟ. ಕನ್ನಡದ ಕಡೆಯೂ ದುಡಿದವರು ಕಡಿಮೆಯಿರಲಿಲ್ಲ. ಕಲಬುರಗಿಯ ನೂತನ ವಿದ್ಯಾಲಯ, ರಾಯಚೂರಿನಲ್ಲಿ ಪಂಡಿತ ತಾರಾನಾಥರ ಹಮ್‌ದರ್ದ್ ಶಾಲೆ ಆ ಕಾಲದಲ್ಲೇ ಎದ್ದು ನಿಂತವು. ಕಪಟರಾಳ ಕೃಷ್ಣರಾಯರು ವಕೀಲಿ ಮಾಡುತ್ತಲೇ ಶಾಸನ ಓದಿದರು. ಡಿ.ಕೆ. ಭೀಮಸೇನರಾಯರು ಉಸ್ಮಾನಿಯಾದಲ್ಲಿ ಕನ್ನಡ ಕಲಿಸಿದರು. ಈ ಹೆಸರುಗಳನ್ನೂ ನಮ್ಮ ಮಕ್ಕಳು ಕೇಳಿಲ್ಲ ಎಂಬುದು ನಮ್ಮದೇ ಕೊರತೆ.

ಅರಸರಿಲ್ಲದ ಇತಿಹಾಸ

ಪ್ರತಾಪರೆಡ್ಡಿಯವರ ದೊಡ್ಡ ಕೃತಿ ಆಂಧ್ರುಲ ಸಾಂಘಿಕ ಚರಿತ್ರ. ತೆಲುಗಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಮೊದಲ ಪ್ರಶಸ್ತಿ 1955ರಲ್ಲಿ ಬಂದದ್ದು ಈ ಪುಸ್ತಕಕ್ಕೆ. ಆಗ ಅವರು ಇರಲಿಲ್ಲ. ಈ ಇತಿಹಾಸದಲ್ಲಿ ಯಾವ ಅರಸ ಯಾವ ಕೋಟೆ ಗೆದ್ದ ಎಂಬುದಕ್ಕಿಂತ ಜನ ಏನು ಉಂಡರು, ಏನು ಉಟ್ಟರು, ಮಕ್ಕಳು ಯಾವ ಆಟ ಆಡಿದರು, ಸಂತೆಯಲ್ಲಿ ಏನು ಮಾರುತ್ತಿದ್ದರು, ಯಾವುದಕ್ಕೆ ಹೆದರುತ್ತಿದ್ದರು ಎಂಬುದೇ ಮುಖ್ಯ. ಕಾವ್ಯ, ಗಾದೆ, ಬಿಡಿ ಪದ್ಯ, ಜನರ ಬಾಯಿಮಾತು ಎಲ್ಲವನ್ನೂ ಅವರು ಸಾಕ್ಷಿಯಾಗಿ ಬಳಸಿದರು. ಕನ್ನಡದಲ್ಲಿ ಎಂ. ಚಿದಾನಂದಮೂರ್ತಿಯವರು ಶಾಸನಗಳಿಂದ ಇಂಥದೇ ಕೆಲಸ ಮಾಡಿದರು. ಆ ಪುಸ್ತಕ ಬಂದದ್ದು 1966ರಲ್ಲಿ. ಕವಿಗಳ ವಿವರ ಕೂಡಿಹಾಕುವ ಕೆಲಸವನ್ನು ಆರ್. ನರಸಿಂಹಾಚಾರ್ಯರು ಕರ್ಣಾಟಕ ಕವಿಚರಿತೆಯ ಮೂರು ಸಂಪುಟಗಳಲ್ಲಿ ಅದಕ್ಕೂ ಮೊದಲೇ ಮಾಡಿ ಮುಗಿಸಿದ್ದರು. ಅಂದರೆ ಈ ಎರಡೂ ದಾರಿ ನಮಗೆ ಹೊಸವಲ್ಲ. ಗಡಿಯ ಈಚೆಗಿನ ನೆಲಕ್ಕೆ ಮಾತ್ರ ಅವು ಇನ್ನೂ ಬಂದು ಮುಟ್ಟಿಲ್ಲ.

ಈ ಬಗೆಯ ಇತಿಹಾಸ ಹಳ್ಳಿಯ ಶಾಲೆಗೆ ಹೇಳಿ ಮಾಡಿಸಿದಂಥದು. ನಮ್ಮ ಶಾಲೆಯ ಮಗುವಿಗೆ ಇತಿಹಾಸವೆಂದರೆ ಎಲ್ಲೋ ದೂರದ ದೆಹಲಿಯದು, ಪರೀಕ್ಷೆಗೆ ಬಾಯಿಪಾಠ ಮಾಡುವ ಇಸವಿಗಳದು. ತನ್ನ ಊರಿಗೂ ಇತಿಹಾಸ ಇದೆ ಎಂದು ಅದಕ್ಕೆ ಯಾರೂ ಹೇಳಿಲ್ಲ. ಆಲಂಪುರದ ನವಬ್ರಹ್ಮ ದೇವಾಲಯಗಳನ್ನು ಕಟ್ಟಿಸಿದವರು ಬಾದಾಮಿಯ ಚಾಲುಕ್ಯರು, ಐಹೊಳೆ ಪಟ್ಟದಕಲ್ಲುಗಳನ್ನು ಕಟ್ಟಿಸಿದ ಅದೇ ಮನೆತನ ಎಂದು ಗದ್ವಾಲದ ಕಡೆಯ ಎಷ್ಟು ಕನ್ನಡ ಮಕ್ಕಳಿಗೆ ಗೊತ್ತು? ಕೃಷ್ಣೆಯ ನಡುಗಡ್ಡೆ ಕುರುಗಡ್ಡೆಗೆ ತೆಪ್ಪ ಹತ್ತಿ ಹೋಗಿ ಬರುವವರು ಆ ನದಿ ಎಷ್ಟು ರಾಜ್ಯಗಳ ಗಡಿಯಾಗಿತ್ತು ಎಂದು ಯೋಚಿಸಿದ್ದಾರೆಯೇ?

ಅಷ್ಟು ದೂರವೂ ಹೋಗುವುದು ಬೇಡ. ಊರಿನ ಹೆಸರನ್ನೇ ತೆಗೆದುಕೊಳ್ಳಿ. ಕೊತ್ತಪಲ್ಲಿ ಎಂದರೆ ಹೊಸಹಳ್ಳಿ. ತೆಲುಗಿನ ಪಲ್ಲಿ ನಮ್ಮ ಹಳ್ಳಿ. ಅವರ ಪಾಲು ನಮ್ಮ ಹಾಲು. ಅವರ ಪುಲಿ ನಮ್ಮ ಹುಲಿ. ಮಖ್ತಲದ ಪಡಮಟಿ ಆಂಜನೇಯನ ಪಡಮಟಿಯೇ ನಮ್ಮ ಪಡುವಣ. ಹಳಗನ್ನಡದಲ್ಲಿ ನಾವೂ ಪಾಲು, ಪುಲಿ ಎಂದೇ ಅನ್ನುತ್ತಿದ್ದೆವು; ಆಮೇಲೆ ಪಕಾರ ಹಕಾರವಾಯಿತು. ಬೆಂಗಳೂರಿನ ಮಗುವಿಗೆ ಇದನ್ನು ವ್ಯಾಕರಣ ಪುಸ್ತಕದಿಂದ ಕಲಿಸಬೇಕು. ನಮ್ಮ ಗಡಿಯ ಮಗು ಮನೆಯಲ್ಲಿ ಒಂದನ್ನೂ ಬೀದಿಯಲ್ಲಿ ಇನ್ನೊಂದನ್ನೂ ಆಡುತ್ತ ಅದನ್ನು ಆಗಲೇ ನಾಲಗೆಯ ಮೇಲೆ ಇಟ್ಟುಕೊಂಡಿದೆ. ಎರಡು ಭಾಷೆಯ ಹೊರೆ ಎಂದು ನಾವು ಮರುಗುವ ಅದೇ ಮಗುವಿನ ಕೈಯಲ್ಲಿ ಇಂಥ ಸಿರಿ ಇದೆ.

1956ರ ಎರಡು ಕಾಗದ

ಗಡಿ ಶಾಲೆಗಳ ದೂರು ಈ ಪುಟದ ಓದುಗರಿಗೆ ಹೊಸದಲ್ಲ. ಪಠ್ಯಪುಸ್ತಕ ತಡವಾಗಿ ಬರುತ್ತದೆ. ಗಣಿತ, ವಿಜ್ಞಾನವನ್ನು ಕನ್ನಡದಲ್ಲಿ ಹೇಳುವ ಶಿಕ್ಷಕರು ಸಿಗುವುದಿಲ್ಲ. ಹತ್ತನೆಯ ತರಗತಿ ಮುಗಿದ ಮೇಲೆ ಮುಂದೇನು ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ತಂದೆತಾಯಿ ಮೊದಲೇ ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೆ ಹಾಕುತ್ತಾರೆ. ರಾಯಚೂರಿನ ಮಗುವಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಇದೆ. ನದಿಯ ಈ ದಡದ ಕನ್ನಡ ಮಗು, ಅದರ ಅಜ್ಜ ರಾಯಚೂರು ಜಿಲ್ಲೆಯಲ್ಲೇ ಹುಟ್ಟಿದ್ದರೂ, ಆ ಲೆಕ್ಕಕ್ಕೆ ಬರುವುದಿಲ್ಲ. 2018ರ ಕಾನೂನಿನ ನಂತರ ತೆಲಂಗಾಣದ ಎಲ್ಲ ಶಾಲೆಗಳಲ್ಲಿ ತೆಲುಗು ಕಲಿಕೆ ಕಡ್ಡಾಯ. ಅದಕ್ಕೆ ನನ್ನ ತಕರಾರಿಲ್ಲ. ಈ ನೆಲದಲ್ಲಿ ಬಾಳುವ ಮಗುವಿಗೆ ತೆಲುಗು ಬೇಕೇ ಬೇಕು. ಸುರವರಂ ಅವರನ್ನು ಅವರ ಭಾಷೆಯಲ್ಲೇ ಓದುವ ಭಾಗ್ಯ ಅದರಿಂದಲೇ ಸಿಗುವುದು. ತೆಲುಗು ಬಂದ ಜಾಗದಲ್ಲಿ ಕನ್ನಡ ಹೋಗಬಾರದು ಎಂಬುದಷ್ಟೇ ನಮ್ಮ ಕೇಳಿಕೆ.

ಇಲ್ಲಿ ಒಂದು ಮಾತು ನೆನಪಿಡಬೇಕು. 1956ರಲ್ಲಿ ನಮ್ಮ ಕೈಗೆ ಒಂದೇ ಕಾಗದ ಬರಲಿಲ್ಲ, ಎರಡು ಬಂದವು. ಒಂದು, ಗಡಿ ಎಳೆದ ಪುನರ್ವಿಂಗಡಣೆ ಕಾಯ್ದೆ. ಇನ್ನೊಂದು, ಅದರ ಜೊತೆಗೇ ಆದ ಸಂವಿಧಾನದ ಏಳನೆಯ ತಿದ್ದುಪಡಿ. ಅದು 350ಎ ಎಂಬ ವಿಧಿಯನ್ನು ಸೇರಿಸಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲೇ ಕಲಿಯಲು ಸಾಕಷ್ಟು ಅನುಕೂಲ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕು ಎಂದು ಅದು ಹೇಳುತ್ತದೆ. ಗಡಿ ಎಳೆದ ಕೈಯೇ ಗಡಿಯಾಚೆ ಉಳಿದವರಿಗೆ ಈ ಮಾತನ್ನೂ ಕೊಟ್ಟಿತು. ಮೊದಲ ಕಾಗದವನ್ನು ಎಲ್ಲರೂ ನೆನಪಿಟ್ಟುಕೊಂಡರು. ಎರಡನೆಯದನ್ನು ಸರ್ಕಾರಗಳು ಮರೆತವು, ನಾವೂ ಮರೆತೆವು.

ಮಾತೃಭಾಷೆಯಲ್ಲಿ ಮಾತಾಡಲು ಬಿಡದ ಸಭೆಯ ನೆನಪಿನ ಮೇಲೆ ತೆಲಂಗಾಣದ ತೆಲುಗು ಚಳವಳಿ ನಿಂತಿದೆ. ಸುರವರಂ ಅವರ ಹೆಸರಿನಲ್ಲಿ ವಿಶ್ವವಿದ್ಯಾಲಯ ಹೊಂದಿರುವ ರಾಜ್ಯಕ್ಕೆ ಕನ್ನಡ ಮಗುವಿನ ಸಂಕಟ ಬಿಡಿಸಿ ಹೇಳುವ ಅಗತ್ಯ ಬೀಳಬಾರದು. 1921ರಲ್ಲಿ ತೆಲುಗಿಗೆ ಯಾವುದು ನ್ಯಾಯವಾಗಿತ್ತೋ ಇಂದು ಕೃಷ್ಣಾ, ಮಾಗನೂರು, ಮಖ್ತಲ ಕಡೆಯ ಕನ್ನಡಕ್ಕೂ ಅದೇ ನ್ಯಾಯ. ಈ ಮಾತನ್ನು ಜಗಳದ ದನಿಯಲ್ಲಿ ಹೇಳುವ ಅಗತ್ಯವಿಲ್ಲ. ಅವರ ಹಿರಿಯರ ಹೆಸರು ಹಿಡಿದೇ ಹೇಳಬಹುದು. ಅದಕ್ಕಿಂತ ಗಟ್ಟಿಯಾದ ವಾದ ನಮಗೆ ಸಿಗಲಾರದು.

ಆದರೆ ಕೇಳುವವರ ಕೈಯಲ್ಲೂ ಏನಾದರೂ ಇರಬೇಕಲ್ಲ. ಇಲ್ಲಿ ಕನ್ನಡವೇ ಇಲ್ಲ, ಇರುವುದು ನಾಲ್ಕು ಮನೆ ಎಂದು ಯಾರಾದರೂ ಅಂದರೆ ನಮ್ಮ ಬಳಿ ಯಾವ ಸಂಚಿಕೆ ಇದೆ? ಈ ಮೂರು ತಾಲ್ಲೂಕುಗಳ ಕನ್ನಡ ಶಾಸನಗಳು ಯಾವ ಊರಲ್ಲಿವೆ, ಇಲ್ಲಿಂದ ಬಂದ ಕನ್ನಡ ಬರಹಗಾರರು ಯಾರು, ತತ್ವಪದ ಹಾಡಿದವರು ಯಾರು, ಯಾವ ಕನ್ನಡ ಶಾಲೆ ಯಾವ ವರ್ಷ ಯಾವ ಗುಡಿಯ ಪೌಳಿಯಲ್ಲಿ ಶುರುವಾಯಿತು, ಅದನ್ನು ನಡೆಸಿದ ಮಾಸ್ತರರು ಎಲ್ಲಿಯವರು? ಒಂದೇ ಕಡೆ ಬರೆದಿಟ್ಟ ಪುಸ್ತಕವನ್ನು ನಾನು ಕಂಡಿಲ್ಲ. ಗೊತ್ತಿರುವ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅವರ ಜೊತೆ ಪಟ್ಟಿಯೂ ಹೋಗುತ್ತಿದೆ.

ಆಗಸ್ಟ್ 25ಕ್ಕೆ ಒಂದು ಕೆಲಸ

ಅದಕ್ಕೇ ನನ್ನ ಸಲಹೆ ಇಷ್ಟು. ಮೇ 28ರ ಜಯಂತಿ ದೊಡ್ಡವರಿಗಿರಲಿ. ಆಗಸ್ಟ್ 25, ಅವರು ತೀರಿಕೊಂಡ ದಿನ, ಶಾಲೆಗಳು ನಡೆಯುತ್ತಿರುವ ಕಾಲ. ಆ ದಿನವನ್ನು ನಮ್ಮ ಕನ್ನಡ ಮಾಧ್ಯಮ ಶಾಲೆಗಳು ಊರಿನ ಇತಿಹಾಸದ ದಿನವೆಂದು ಇಟ್ಟುಕೊಳ್ಳಲಿ. ಇದಕ್ಕೆ ಯಾವ ಅನುದಾನವೂ ಬೇಡ, ಆದೇಶವೂ ಬೇಡ. ಒಂದು ಇನ್ನೂರು ಪುಟದ ನೋಟ್‌ಬುಕ್ ಸಾಕು.

ಏಳನೆಯ, ಎಂಟನೆಯ ತರಗತಿಯ ಮಕ್ಕಳು ಆ ನೋಟ್‌ಬುಕ್ಕಿನಲ್ಲಿ ಊರನ್ನು ಬರೆದಿಡಲಿ. ಹೊಲಗಳ ಹೆಸರು, ಹಳ್ಳ ಕೆರೆ ಬಾವಿಗಳ ಹೆಸರು; ಕುಂಟೆ, ಕೂರಿಗೆ, ಎಡೆಕುಂಟೆಯ ಒಂದೊಂದು ಭಾಗಕ್ಕೂ ಅಜ್ಜ ಹೇಳುವ ಮಾತು; ಅಜ್ಜಿಗೆ ಬರುವ ಬೀಸುವ ಪದ, ಸೋಬಾನೆ; ಅಲಾಯಿ ಹಬ್ಬದಲ್ಲಿ ಹಾಡುವ ರಿವಾಯತ್ ಪದ; ಗದ್ವಾಲದ ಮತ್ತು ನಾರಾಯಣಪೇಟೆಯ ಸೀರೆ ನೇಯುವ ಮನೆಗಳಲ್ಲಿ ಮಗ್ಗದ ಒಂದೊಂದು ಕಡ್ಡಿಗೂ ಇರುವ ಹೆಸರು. ಪ್ರತಿ ಮಾತಿನ ಪಕ್ಕ ಅದರ ತೆಲುಗನ್ನೂ ಬರೆಯಲಿ. ಗುಡಿಯ ಬಳಿ ಅಕ್ಷರದ ಕಲ್ಲಿದ್ದರೆ ಅದರ ಜಾಗ ಗುರುತು ಮಾಡಲಿ. ಅದಕ್ಕೆ ಸುಣ್ಣ, ಎಣ್ಣೆ ಬಳಿಯದಂತೆ ಊರವರಿಗೆ ಹೇಳಲಿ. ಹೇಳಿದವರ ಹೆಸರು, ವಯಸ್ಸು, ಹೇಳಿದ ದಿನ ಕೆಳಗೆ ಬರೆಯುವುದನ್ನು ಮರೆಯದಿರಲಿ. ಇತಿಹಾಸಕಾರರ ಮೊದಲ ನಿಯಮವೇ ಅದು.

ಮೂರು ವರ್ಷ ಹೀಗೆ ನಡೆದರೆ ಮೂರು ತಾಲ್ಲೂಕಿನ ಒಂದು ಸಂಚಿಕೆಗೆ ಸರಕು ಸಿದ್ಧವಾಗುತ್ತದೆ. ಅದನ್ನು ಅಚ್ಚು ಹಾಕಿಸುವುದು ದೊಡ್ಡವರ ಕೆಲಸ. ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಇಂಥ ಕೆಲಸಕ್ಕಾಗಿಯೇ ಇದೆ. ರಾಯಚೂರಿನ, ಕಲಬುರಗಿಯ ಕನ್ನಡ ಅಧ್ಯಾಪಕರು ತಿದ್ದಿ ಕೊಡಲಿ. ಹೈದರಾಬಾದಿನ ಸುರವರಂ ವಿಶ್ವವಿದ್ಯಾಲಯವನ್ನೂ ಕೇಳೋಣ: ನಿಮ್ಮ ವಿಶ್ವವಿದ್ಯಾಲಯದ ಹೆಸರಿನವರ ಜಿಲ್ಲೆಯ ಮಕ್ಕಳು ಅವರ ದಾರಿಯಲ್ಲಿ ಮಾಡಿದ ಕೆಲಸ ಇದು, ಇದರ ತೆಲುಗು ಪಾಲನ್ನು ನೀವು ನೋಡಿಕೊಡಿ ಎಂದು. ಅವರು ಇಲ್ಲವೆನ್ನಲಾರರು ಎಂದೇ ನನ್ನ ನಂಬಿಕೆ.

ಶಿಕ್ಷಕರಿಗೆ ಈಗಾಗಲೇ ಕೈತುಂಬ ಕೆಲಸ, ಇದೊಂದು ಹೊಸ ಹೊರೆ ಎಂಬ ಮಾತು ಬರುತ್ತದೆ. ಅದು ಸುಳ್ಳಲ್ಲ. ಇಬ್ಬರು ಶಿಕ್ಷಕರು ಐದು ತರಗತಿ ನೋಡಿಕೊಳ್ಳುವ ಕಡೆ ಇದನ್ನು ಹೇರಬಾರದು. ಅಂಥ ಊರುಗಳಲ್ಲಿ ನಿವೃತ್ತ ಶಿಕ್ಷಕರು, ಹಳೆಯ ವಿದ್ಯಾರ್ಥಿಗಳು ಭಾನುವಾರಕ್ಕೆ ಒಂದು ತಾಸು ಕೊಡಲಿ. ಇದರಿಂದ ಶಾಲೆಗೆ ಮಕ್ಕಳು ಹೆಚ್ಚುತ್ತಾರೆಯೇ ಎಂದು ಇನ್ನೊಬ್ಬರು ಕೇಳಬಹುದು. ನೇರವಾಗಿ ಹೆಚ್ಚಲಾರರು. ಶಿಕ್ಷಕರ ನೇಮಕ, ಸಮಯಕ್ಕೆ ಪುಸ್ತಕ, ಹತ್ತರ ನಂತರದ ದಾರಿ ಇವು ಆಗದೆ ದಾಖಲಾತಿ ಏರುವುದಿಲ್ಲ. ಆ ಹೋರಾಟವನ್ನು ಬಿಡುವಂತೆಯೂ ಇಲ್ಲ. ಆದರೆ ಒಂದು ಶಾಲೆಯನ್ನು ಮುಚ್ಚಲು ಬಂದವರ ಎದುರು ಹಾಜರಿ ಪುಸ್ತಕ ಒಂದನ್ನೇ ಹಿಡಿದು ನಿಂತರೆ ಸೋಲುತ್ತೇವೆ. ಈ ಊರಿನ ನೆನಪೆಲ್ಲ ಈ ಶಾಲೆಯಲ್ಲಿದೆ ಎಂದು ಊರವರೇ ಬಂದು ಹೇಳುವಂತಾದರೆ ಮಾತಿನ ತೂಕ ಬೇರೆಯಾಗುತ್ತದೆ.

ಹಿರಿಯರನ್ನು ಗೌರವಿಸುವಾಗ ಕಣ್ಣು ಮುಚ್ಚಿಕೊಳ್ಳುವುದೂ ಬೇಡ. ಪ್ರತಾಪರೆಡ್ಡಿಯವರು ಉಳ್ಳ ಮನೆತನದವರು. ಅವರ ಪತ್ರಿಕೆಗೆ ಸಿರಿವಂತರ ನೆರವು ಇತ್ತು. ಅಕ್ಷರ ಬಲ್ಲವರ ಕವಿತೆಗೆ ಸಂಚಿಕೆಯಲ್ಲಿ ಸಿಕ್ಕ ಎಡೆ ಅಕ್ಷರ ಬಾರದವರ ಹಾಡಿಗೆ ಸಿಗಲಿಲ್ಲ. ನಮ್ಮ ಮಕ್ಕಳ ನೋಟ್‌ಬುಕ್ ಆ ಬಿಟ್ಟ ಜಾಗದಿಂದಲೇ ಶುರುವಾಗಲಿ. ಬೀಸುಕಲ್ಲಿನ ಮುಂದೆ ಕೂತ ಅಜ್ಜಿಯ ಹೆಸರು ಮೊದಲ ಪುಟದಲ್ಲಿರಲಿ. ಗುರುವಿನ ಕೆಲಸವನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ಯುವುದೂ ಗುರುದಕ್ಷಿಣೆಯೇ.

ಈ ವರ್ಷದ ಆಗಸ್ಟ್ 25ರಂದು ನಿಮ್ಮ ಊರಿನ ಕನ್ನಡ ಶಾಲೆಯ ಮಗುವೊಂದು ನಿಮ್ಮ ಮನೆಯ ಕಟ್ಟೆಗೆ ಬಂದು, ತಾತ, ನಮ್ಮ ಶಾಲೆ ಯಾವಾಗ ಶುರುವಾಯಿತು ಎಂದು ಕೇಳಿದರೆ ಬೇಸರಿಸಬೇಡಿ. ಕೂಡಿಸಿಕೊಂಡು ಹೇಳಿ. ಗೊತ್ತಿರದಿದ್ದರೆ ಗೊತ್ತಿರುವವರ ಮನೆ ತೋರಿಸಿ.